ಕಸಾರಾ ಲೋಕಲ್ ಹಿಡಿಯುವ ಹುಡುಗ ಮತ್ತು ಚಂದ್ರನ ಮೇಲಿನ ಕಲ್ಲು

ಪ್ರಶ್ನೆ: ಸರ್, ನಾವು ಡೊಂಬಿವಲಿಯಲ್ಲಿ ಇರುವುದು. ಊರು ಕಾರ್ಕಳದ ಕಡೆ. ನಮ್ಮವರದು ಠಾಣೆಯಲ್ಲಿ ಸಣ್ಣ ಹೋಟೆಲು. ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೇ ವರ್ಷ. ಶನಿವಾರ ಬಂತೆಂದರೆ ರಾತ್ರಿಯ ಕಸಾರಾ ಲೋಕಲ್ ಹಿಡಿದು ಗೆಳೆಯರ ಜತೆ ಯಾವುದಾದರೂ ಗಡ, ಅಂದರೆ ಬೆಟ್ಟದ ಕೋಟೆ, ಹತ್ತಲು ಹೊರಡುತ್ತಾನೆ. ಭಾನುವಾರ ರಾತ್ರಿ ಮೈಯೆಲ್ಲ ಮಣ್ಣು ಮಾಡಿಕೊಂಡು ಬರುತ್ತಾನೆ. ಈಗ ಹೊಸದಾಗಿ ಗಗನಯಾತ್ರಿ ಆಗ್ತೇನೆ, ಇಲ್ಲಾಂದ್ರೆ ಬಾಹ್ಯಾಕಾಶದ ಕೆಲಸವೇ ಬೇಕು ಅನ್ನುತ್ತಿದ್ದಾನೆ. ನಮ್ಮವರು ‘ಬೆಟ್ಟ ಹತ್ತುವುದಕ್ಕೂ ರಾಕೆಟ್ಟಿಗೂ ಏನು ಸಂಬಂಧ, ಸುಮ್ನೆ ಟೈಮ್‌ಪಾಸ್’ ಎಂದು ಬೈಯುತ್ತಾರೆ. ನನಗಂತೂ ಅವನು ಮನೆಗೆ ಬರುವ ತನಕ ನಿದ್ದೆಯಿಲ್ಲ. ತಡೆಯಬೇಕಾ, ಬಿಡಬೇಕಾ? ಟೆಲಿಸ್ಕೋಪ್ ಬೇರೆ ಕೇಳುತ್ತಿದ್ದಾನೆ. ಕೊಡಿಸಬಹುದಾ? ರಜೆಯಲ್ಲಿ ವಾಸ್ಕೋದ ಅಕ್ಕನ ಮನೆಗೆ ಹೋಗುತ್ತೇವೆ. ಅಲ್ಲಿ ಇಂಥದ್ದು ಏನಾದರೂ ತೋರಿಸಲು ಇದೆಯೇ?

ಉತ್ತರ: ತಡೆಯಬೇಡಿ. ತಡೆದರೆ ಹೇಳದೆ ಹೋಗುತ್ತಾನೆ, ಅದು ಇನ್ನೂ ಅಪಾಯ. ಆದರೆ ‘ಹೋಗಿ ಬಾ’ ಎಂದು ಬಾಗಿಲು ಹಾಕಿಕೊಂಡರೂ ಆಗುವುದಿಲ್ಲ. ನಿಮಗೂ ಇದರಲ್ಲಿ ಒಂದು ಕೆಲಸ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮವರ ಪ್ರಶ್ನೆ. ಬೆಟ್ಟಕ್ಕೂ ರಾಕೆಟ್ಟಿಗೂ ಏನು ಸಂಬಂಧ? ನಾನು ಪುಣೆಯಲ್ಲಿ ಉಪಕರಣಗಳ ಇಂಜಿನಿಯರ್ ಆಗಿದ್ದವನು. ರಜೆ ಬಂದರೆ ಹುಡುಗರನ್ನು ಕಟ್ಟಿಕೊಂಡು ಸಹ್ಯಾದ್ರಿ ಸುತ್ತುವ ಚಾಳಿ ಇನ್ನೂ ಬಿಟ್ಟಿಲ್ಲ. ಎರಡೂ ಕಡೆ ಕಾಲಿಟ್ಟವನಾಗಿ ಹೇಳುತ್ತೇನೆ: ಸಂಬಂಧ ನಿಮ್ಮ ಮಗನ ಬೂಟಿನ ಕೆಳಗೇ ಇದೆ.

ಕಳಸೂಬಾಯಿ, ಹರಿಶ್ಚಂದ್ರಗಡ, ರತನಗಡ, ಯಾವುದನ್ನೇ ಹತ್ತಲಿ, ಅವನು ತುಳಿಯುವುದು ಕಪ್ಪು ಬಸಾಲ್ಟ್ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ಹರಡಿ ಗಟ್ಟಿಯಾದದ್ದು. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಯ ಕರಿಕಲ್ಲೂ ಇದೇ ಹರವಿನ ಅಂಚು. ಇನ್ನು ಹುಣ್ಣಿಮೆಯ ಚಂದ್ರನಲ್ಲಿ ನಾವು ಮಕ್ಕಳಿಗೆ ತೋರಿಸುವ ಮೊಲ ಇದೆಯಲ್ಲ, ಆ ಕಪ್ಪು ಕಲೆಗಳೂ ಬಸಾಲ್ಟೇ. ಅಲ್ಲೂ ಲಾವಾ ಹರಿದು ತಗ್ಗುಗಳನ್ನು ತುಂಬಿತ್ತು. ಹರಿದದ್ದು ಬಹುಪಾಲು 300 ಕೋಟಿ ವರ್ಷಗಳಿಗಿಂತ ಹಿಂದೆ.

ಮುಂದಿನ ಸಲ ಮಗ ಬರುವಾಗ ದಾರಿಯಲ್ಲಿ ಬಿದ್ದ ಒಂದು ಸಣ್ಣ ಕಲ್ಲನ್ನು ಸುಮ್ಮನೆ ಗಮನಿಸಿ ನೋಡಲಿ. ಕೋಟೆಯ ಗೋಡೆಯದ್ದನ್ನು ಮುಟ್ಟುವುದು ಬೇಡ. ಅಂಥ ಎಷ್ಟೋ ಕಲ್ಲುಗಳಲ್ಲಿ ಕಡಲೆಕಾಳಿನ ಗಾತ್ರದ ತೂತುಗಳು ಇರುತ್ತವೆ. ಲಾವಾದೊಳಗಿನ ಅನಿಲ ಗುಳ್ಳೆಯಾಗಿ ಸಿಕ್ಕಿಹಾಕಿಕೊಂಡ ಜಾಗ ಅದು. ಎಷ್ಟೋ ತೂತುಗಳಲ್ಲಿ ಬಿಳಿ ಹರಳು ತುಂಬಿರುತ್ತದೆ, ಬಿಸಿಲಿಗೆ ಹಿಡಿದರೆ ಹೊಳೆಯುತ್ತದೆ. ಹೆಚ್ಚಾಗಿ ಅದು ಜಿಯೋಲೈಟ್ ಎಂಬ ಖನಿಜ. ಕಲ್ಲಿನೊಳಗೆ ನೀರು ಇಳಿದು, ಖನಿಜ ಕರಗಿ, ತೂತಿನಲ್ಲಿ ಮತ್ತೆ ಹರಳುಗಟ್ಟಿದೆ. ಪುಣೆ, ನಾಸಿಕ್ ಕಡೆಯ ಕಲ್ಲುಗಣಿಗಳ ಈ ಹರಳುಗಳು ಜಗತ್ತಿನ ಮ್ಯೂಸಿಯಂಗಳಲ್ಲಿ ಕೂತಿವೆ.

ಈಗ ಚಂದ್ರನ ಕಡೆ ಹೋಗೋಣ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಚಂದ್ರನ ಮೇಲೆ ಮೊದಲ ಬಾರಿಗೆ ಗಾಡಿ ಓಡಿಸಿದರು. ವಾಪಸು ಬರುವಾಗ ಸ್ಕಾಟ್‌ಗೆ ದಾರಿ ಬದಿಯಲ್ಲಿ ತೂತು ತೂತಾದ ಒಂದು ಕಪ್ಪು ಕಲ್ಲು ಕಂಡಿತು. ಸಮಯ ಮುಗಿಯುತ್ತಿತ್ತು. ಕೇಳಿದರೆ ಭೂಮಿಯ ನಿಯಂತ್ರಣ ಕೇಂದ್ರದಲ್ಲಿ ಕೂತವರು ಬೇಡ ಅನ್ನುತ್ತಾರೆ ಎಂದು ಗೊತ್ತಿತ್ತು. ಸೀಟ್ ಬೆಲ್ಟ್ ಸರಿಮಾಡಿಕೊಳ್ಳಬೇಕು ಎಂದು ನೆಪ ಹೇಳಿ ಗಾಡಿ ನಿಲ್ಲಿಸಿದ. ಇರ್ವಿನ್ ಸುತ್ತಮುತ್ತಲ ಕುಳಿಗಳ ವರ್ಣನೆ ಮಾಡುತ್ತಾ ಮಾತು ಎಳೆದ. ಅಷ್ಟರಲ್ಲಿ ಸ್ಕಾಟ್ ಕಲ್ಲು ಎತ್ತಿಕೊಂಡು ಬಂದ. ಆ ಕಲ್ಲಿಗೆ ಇವತ್ತಿಗೂ ‘ಸೀಟ್ ಬೆಲ್ಟ್ ಬಸಾಲ್ಟ್’ ಎಂದೇ ಹೆಸರು. ಸಹ್ಯಾದ್ರಿಯ ಕಲ್ಲಿನ ಪಕ್ಕ ಅದರ ಫೋಟೊ ಇಟ್ಟು ನೋಡಿದರೆ ದಾಯಾದಿಗಳ ಹಾಗೆ ಕಾಣುತ್ತವೆ. ಒಂದೇ ವ್ಯತ್ಯಾಸ. ಅಲ್ಲಿನ ತೂತುಗಳು ಖಾಲಿ. ನೀರು ಹರಿದಿಲ್ಲ, ಹರಳು ಕಟ್ಟಿಲ್ಲ.

ಸ್ಕಾಟ್ ಮತ್ತು ಇರ್ವಿನ್ ಇಬ್ಬರೂ ವಾಯುಪಡೆಯ ಪೈಲಟ್‌ಗಳು, ಕಲ್ಲು ಓದಿದವರಲ್ಲ. ಹಾಗಿದ್ದೂ ಅಷ್ಟು ದೂರದಿಂದ ಇದು ಬೇರೆ ಕಲ್ಲು ಎಂದು ಹೇಗೆ ಗುರುತಿಸಿದರು? ಬೆಟ್ಟ ಸುತ್ತಿಸಿದ್ದರು! ಲೀ ಸಿಲ್ವರ್ ಎಂಬ ಭೂವಿಜ್ಞಾನಿ ಅವರನ್ನು ಅಮೆರಿಕದ ಬೆಟ್ಟ, ಮರುಭೂಮಿಗಳಿಗೆ ಮತ್ತೆ ಮತ್ತೆ ಕರೆದುಕೊಂಡು ಹೋಗಿ ಕಲ್ಲು ನೋಡುವುದನ್ನು ಕಲಿಸಿದ. ಬೆನ್ನಿಗೆ ಚೀಲ, ಕೈಯಲ್ಲಿ ಸುತ್ತಿಗೆ, ರೇಡಿಯೊ. ಅವರು ಏನು ಕಾಣುತ್ತಿದೆ ಎಂದು ರೇಡಿಯೊದಲ್ಲಿ ಹೇಳಬೇಕು. ಆ ಜಾಗ ಕಣ್ಣಿಗೆ ಕಾಣದ ಕಡೆ ಕೂತವರು ಆ ಮಾತಿನಿಂದಲೇ ಚಿತ್ರ ಕಟ್ಟಿಕೊಳ್ಳಬೇಕು. ‘ದೊಡ್ಡ ಕಪ್ಪು ಕಲ್ಲು’ ಎಂದರೆ ನಡೆಯುತ್ತಿರಲಿಲ್ಲ. ಎಷ್ಟು ದೊಡ್ಡದು, ಯಾವ ಬಣ್ಣ, ಮೂಲೆ ಚೂಪೋ ದುಂಡೋ, ಪಕ್ಕದ್ದಕ್ಕಿಂತ ಹೇಗೆ ಬೇರೆ, ಎಲ್ಲ ಹೇಳಬೇಕು. ಮುಂದೆ 1972ರಲ್ಲಿ ಅಪೊಲೊ 17ರಲ್ಲಿ ಹ್ಯಾರಿಸನ್ ಶ್ಮಿಟ್ ಎಂಬ ನಿಜವಾದ ಭೂವಿಜ್ಞಾನಿಯೇ ಹೋದರು, ಅದು ಬೇರೆ ಕಥೆ.

ಅದಕ್ಕೇ ನಾನು ಹೇಳುವುದು, ಬಾಹ್ಯಾಕಾಶಕ್ಕೆ ಹೋಗುವ ದಾರಿ ಬೆಟ್ಟದ ಮೇಲಿಂದಲೇ ಹಾಯ್ದಿದೆ. ಇವತ್ತಿಗೂ ಹಾಗೇ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2011ರಿಂದ ಗಗನಯಾತ್ರಿಗಳನ್ನು ಸಾರ್ಡೀನಿಯಾದ ಗುಹೆಗಳಲ್ಲಿ ಇಳಿಸಿ ದಿನಗಟ್ಟಲೆ ಇರಿಸುತ್ತದೆ. ಕತ್ತಲೆ, ಚಳಿ, ಇಕ್ಕಟ್ಟು, ಹಗಲು ರಾತ್ರಿ ಗೊತ್ತಾಗದ ಸ್ಥಿತಿ. ನಮ್ಮ ಗಗನಯಾನಕ್ಕೆ ಆಯ್ಕೆಯಾದ ನಾಲ್ವರೂ ರಷ್ಯಾದಲ್ಲಿ ತರಬೇತಿ ಪಡೆಯುವಾಗ ಹಿಮದ ಕಾಡಿನಲ್ಲಿ, ನೀರಿನಲ್ಲಿ ಬದುಕಿ ಉಳಿಯುವ ಪಾಠ ಕಲಿತರು. ಇಸ್ರೋ ಲಡಾಖ್‌ನಲ್ಲಿ ಬೇರೆ ಗ್ರಹದ ಮನೆಯ ಹಾಗೆ ಗೂಡು ಕಟ್ಟಿ ಪ್ರಯೋಗ ಮಾಡಿದೆ.

ಹಿಮದ ಕಾಡು ಯಾಕೆ ಎಂದು ಕೇಳುತ್ತೀರಾ? 1965ರ ಮಾರ್ಚ್‌ನಲ್ಲಿ ಅಲೆಕ್ಸೆಯ್ ಲಿಯೊನೊವ್ ಜಗತ್ತಿನ ಮೊದಲ ಬಾಹ್ಯಾಕಾಶ ನಡಿಗೆ ಮುಗಿಸಿದ. ಇಳಿಯುವಾಗ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟಿತು. ಅವನೂ ಬೆಲ್ಯಾಯೆವ್ ಎಂಬ ಜತೆಗಾರನೂ ನಿಗದಿತ ಜಾಗ ಬಿಟ್ಟು ನೂರಾರು ಕಿಲೋಮೀಟರ್ ಆಚೆ, ಸೊಂಟದ ಮಟ್ಟ ಹಿಮ ಬಿದ್ದ ಕಾಡಿನಲ್ಲಿ ಇಳಿದರು. ಮರಗಳು ಎಷ್ಟು ದಟ್ಟ ಎಂದರೆ ಹೆಲಿಕಾಪ್ಟರ್ ಇಳಿಸಲು ಜಾಗವಿಲ್ಲ. ಎರಡು ರಾತ್ರಿ ಕಾಡಿನಲ್ಲೇ ಕಳೆದರು. ಕೊನೆಗೆ ರಕ್ಷಣೆಗೆ ಬಂದವರ ಜತೆ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಸಾಗಿ ಹೆಲಿಕಾಪ್ಟರ್ ತಲುಪಿದರು. ಆಕಾಶದಲ್ಲಿ ನಡೆದವನಿಗೆ ಕೊನೆಗೆ ಬೇಕಾದದ್ದು ಕಟ್ಟಿಗೆ ಹೊತ್ತಿಸುವ ವಿದ್ಯೆ.

ಇನ್ನು ನಿಮ್ಮ ನಿದ್ದೆಯ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

1968ರ ಡಿಸೆಂಬರ್‌ನಲ್ಲಿ ಅಪೊಲೊ 8 ಮೊದಲ ಬಾರಿಗೆ ಮನುಷ್ಯರನ್ನು ಚಂದ್ರನ ಹಿಂಬದಿಗೆ ಒಯ್ಯಿತು. ಚಂದ್ರ ಅಡ್ಡ ಬಂದಾಗ ರೇಡಿಯೊ ಕಟ್. ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದಲ್ಲಿ ಕೂತವರಿಗೆ ಒಂದು ಸದ್ದೂ ಇಲ್ಲ. ಆದರೂ ಅವರು ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ. ಏಕೆಂದರೆ ಎಷ್ಟು ಹೊತ್ತಿಗೆ ಸಿಗ್ನಲ್ ಹೋಗುತ್ತದೆ, ಎಷ್ಟು ಹೊತ್ತಿಗೆ ವಾಪಸು ಬರಬೇಕು ಎಂದು ಮೊದಲೇ ಲೆಕ್ಕ ಹಾಕಿ ಬರೆದಿಟ್ಟಿದ್ದರು. ಎಂಜಿನ್ ಸರಿಯಾಗಿ ಉರಿದರೆ ಈ ಹೊತ್ತು, ಉರಿಯದಿದ್ದರೆ ಇನ್ನೊಂದು ಹೊತ್ತು. ಅಲ್ಲಿಯವರೆಗೆ ಮೌನ ಎಂದರೆ ಎಲ್ಲ ಸರಿ ಇದೆ ಎಂದೇ ಅರ್ಥ. ಆ ಹೊತ್ತು ದಾಟಿಯೂ ಸದ್ದಿಲ್ಲವೆಂದರೆ ಮಾತ್ರ ಗಾಬರಿ.

ಹರಿಶ್ಚಂದ್ರಗಡದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ನೀವು ಹತ್ತು ಸಲ ಫೋನ್ ಮಾಡುತ್ತೀರಿ, ಪ್ರತಿ ಸಲವೂ ‘ಸ್ವಿಚ್ ಆಫ್’. ಒಂದೊಂದು ಸಲಕ್ಕೂ ಎದೆ ಧಸಕ್ ಎನ್ನುತ್ತದೆ, ಅಲ್ವಾ? ತಪ್ಪು ಬೆಟ್ಟದ್ದಲ್ಲ. ನಿಮ್ಮ ಕೈಯಲ್ಲಿ ಹೊತ್ತಿನ ಲೆಕ್ಕ ಇಲ್ಲ, ಅಷ್ಟೇ.

ಹಾಗಾಗಿ ಹೊರಡುವ ಮುನ್ನ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗಲಿ. ಯಾವ ಗಡ, ಯಾವ ಹಳ್ಳಿಯಿಂದ ಹತ್ತುವುದು, ಯಾವ ದಾರಿಯಲ್ಲಿ ಇಳಿಯುವುದು. ಕಳಸೂಬಾಯಿ ಎಂದರೆ ಬಾರಿ ಹಳ್ಳಿ, ಹರಿಶ್ಚಂದ್ರಗಡ ಎಂದರೆ ಪಾಚನಯಿಯೋ ಖಿರೇಶ್ವರವೋ, ಅದೂ ಇರಲಿ. ಒಂದೇ ಗಡಕ್ಕೆ ಬೇರೆ ಬೇರೆ ತಾಲೂಕಿನಿಂದ ದಾರಿ ಇರುತ್ತದೆ, ಹುಡುಕುವವರಿಗೆ ಇದೇ ಮೊದಲ ಪ್ರಶ್ನೆ. ಜತೆಗಿರುವವರ ಮನೆಯ ನಂಬರು, ಕಸಾರಾದಿಂದ ಒಯ್ಯುವ ಜೀಪಿನವನ ನಂಬರು, ಹಳ್ಳಿಯಲ್ಲಿ ಪಿಠಲ ಭಾಕರಿ ಮಾಡಿಕೊಡುವ ಮನೆಯವರ ನಂಬರು. ಕೊನೆಗೆ ಎರಡು ಹೊತ್ತು. ಇಷ್ಟು ಗಂಟೆಗೆ ಕೆಳಗಿಳಿದು ಫೋನ್ ಮಾಡುತ್ತೇನೆ. ಇಷ್ಟು ಗಂಟೆಯವರೆಗೂ ಮಾಡದಿದ್ದರೆ ಮೊದಲು ಹಳ್ಳಿಯವರಿಗೆ ಫೋನ್ ಮಾಡು. ಎರಡರ ನಡುವೆ ಮೂರು ನಾಲ್ಕು ಗಂಟೆ ಅಂತರ ಇರಲಿ, ಜೀಪ್ ಪಂಕ್ಚರ್ ಆಗುತ್ತದೆ, ಲೋಕಲ್ ತಪ್ಪುತ್ತದೆ. ಮೊದಲನೆಯ ಹೊತ್ತಿನ ತನಕ ನೀವು ಫೋನ್ ಮುಟ್ಟಬೇಡಿ. ಅದು ನಿಮಗೆ ಕಷ್ಟ, ಗೊತ್ತು.

ಅವನ ಕಡೆಯಿಂದ ಆ ಹೊತ್ತು ತಪ್ಪಿತೆಂದರೆ, ಕಾರಣ ಏನೇ ಇರಲಿ, ಮುಂದಿನ ಶನಿವಾರ ಮನೆಯಲ್ಲಿ. ಇದರಲ್ಲಿ ಮಾತ್ರ ಕರಗಬೇಡಿ. ನಾನು ಕರೆದುಕೊಂಡು ಹೋಗುವ ಹುಡುಗರಿಗೂ ಇದೇ ನಿಯಮ.

ನಿಮಗೆ ಕೆಲಸ ಇದೆ ಎಂದೆನಲ್ಲ, ಇದು ಅದರ ಅರ್ಧ. ಇನ್ನರ್ಧ ಆ ಭೂವಿಜ್ಞಾನಿ ಲೀ ಸಿಲ್ವರ್ ಮಾಡಿಸಿದ ಕೆಲಸ. ಭಾನುವಾರ ರಾತ್ರಿ ಸ್ನಾನ ಮಾಡಿ ಊಟಕ್ಕೆ ಕೂತಾಗ ‘ಹೇಗಿತ್ತೋ?’ ಎಂದು ಕೇಳಿದರೆ ‘ಮಸ್ತ್ ಇತ್ತು’ ಎನ್ನುತ್ತಾನೆ. ಬಿಡಬೇಡಿ. ‘ನಾನು ನೋಡಿಲ್ಲ, ಕಣ್ಣಿಗೆ ಕಟ್ಟುವ ಹಾಗೆ ಹೇಳು’ ಅನ್ನಿ. ಹರಿಶ್ಚಂದ್ರಗಡದ ಕೊಂಕಣಕಡಾ ಎಂಬ ಕಡಿದಾದ ಬಂಡೆ ಹೇಗಿದೆ, ಅಂಚು ನೇರವೋ ಒಳಕ್ಕೆ ಬಾಗಿದೆಯೋ? ಗಾಳಿ ಯಾವ ಕಡೆಯಿಂದ? ಕಲ್ಲಿನ ಪದರ ಎಣಿಸಿದೆಯಾ? ಮೇಲಿನ ನೀರಿನ ತೊಟ್ಟಿಯಲ್ಲಿ ನೀರು ಎಷ್ಟಿತ್ತು, ಹೋದ ತಿಂಗಳಿಗಿಂತ ಕಡಿಮೆಯಾ? ಎರಡು ವಾರದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಲು ಶುರು ಮಾಡುತ್ತಾನೆ ನೋಡಿ, ನಿಮ್ಮ ಕಾಟಕ್ಕೆ. ಹೋದ ಜಾಗದಿಂದ ಏನನ್ನೂ ಬರೆದು ತರದವನು ಪಿಕ್‌ನಿಕ್‌ಗೆ ಹೋಗಿ ಬಂದ ಎಂದೇ ನನ್ನ ಲೆಕ್ಕ. ಪಿಕ್‌ನಿಕ್ ತಪ್ಪೇನಲ್ಲ. ಆದರೆ ಅದನ್ನು ಬಾಹ್ಯಾಕಾಶದ ತಯಾರಿ ಎಂದು ಅಪ್ಪನಿಗೆ ಹೇಳಬಾರದು.

ಅಪಾಯದ ಬಗ್ಗೆ ಸುತ್ತಿ ಬಳಸಿ ಹೇಳುವುದಿಲ್ಲ. ಸಹ್ಯಾದ್ರಿಯಲ್ಲಿ ಜನ ಸಾಯುತ್ತಾರೆ. ಹೆಚ್ಚಾಗಿ ಕಡಿದಾದ ಬಂಡೆಯಲ್ಲಲ್ಲ, ಸೆಲ್ಫಿಯ ಅಂಚಿನಲ್ಲಿ, ಮಳೆಗಾಲದ ತೊರೆಯಲ್ಲಿ. ಮೇಲೆ ಎಲ್ಲೋ ಮಳೆ ಹೊಯ್ದರೆ ಮೊಣಕಾಲು ಮಟ್ಟದ ನೀರು ಕೆಲವೇ ನಿಮಿಷದಲ್ಲಿ ಎದೆಮಟ್ಟ ಆಗುತ್ತದೆ. 2024ರ ಜೂನ್ ಕೊನೆಯಲ್ಲಿ ಲೋಣಾವಳಾದ ಭುಶಿ ಡ್ಯಾಮ್ ಹಿಂದೆ ಒಂದು ಕುಟುಂಬ ಹೀಗೇ ಕೊಚ್ಚಿಹೋಯಿತು. ಜುಲೈ ತಿಂಗಳ ಗುಡ್ಡ ಕುಸಿತ ಇನ್ನೊಂದು: 2014ರಲ್ಲಿ ಮಾಳಿಣ್, 2023ರಲ್ಲಿ ಇರ್ಶಾಳವಾಡಿ. ಹಾಗಾಗಿ ಜೋರು ಮಳೆಯ ಎಚ್ಚರಿಕೆ ಇದ್ದ ವಾರ ಗಡ ಬೇಡ, ಚರ್ಚೆಯೇ ಬೇಡ. ಮಾರ್ಚಿನಿಂದ ಮೇ ತನಕ ಬಿಸಿಲಿನ ಹೊಡೆತ, ನೀರು ಸಾಲದೆ ತಲೆ ತಿರುಗಿ ಬೀಳುವುದು. ಮತ್ತೆ ಹೆಜ್ಜೇನು. ಕಡಿದಾದ ಬಂಡೆಗೆ ಜೋತುಬಿದ್ದಿರುತ್ತವೆ. ಸೆಂಟು ಹೊಡೆದುಕೊಂಡು ಹೋಗುವುದು, ಕೆಳಗೆ ಬೆಂಕಿ ಹಾಕುವುದು, ಕಿರುಚುವುದು ಬೇಡ.

ಇದೆಲ್ಲಕ್ಕಿಂತ ಮುಖ್ಯ ಒಂದು ಪ್ರಶ್ನೆ ಇದೆ. ಅವನನ್ನೇ ಕೇಳಿ: ‘ಇಲ್ಲಿಯವರೆಗೆ ಎಷ್ಟು ಸಲ ತುದಿ ಮುಟ್ಟದೆ ವಾಪಸು ಬಂದಿದ್ದೀಯ?’ ‘ಒಂದು ಸಲವೂ ಇಲ್ಲ’ ಎಂದು ಎದೆ ಉಬ್ಬಿಸಿ ಹೇಳಿದರೆ ನನಗೆ ಅವನ ಬಗ್ಗೆ ಸ್ವಲ್ಪ ಭಯ. ಸಹ್ಯಾದ್ರಿಯಲ್ಲಿ ವರ್ಷಪೂರ್ತಿ ಓಡಾಡುವವನಿಗೆ ಒಂದಲ್ಲ ಒಂದು ದಿನ ಮಂಜು, ಮಳೆ, ಜತೆಗಾರನ ಜ್ವರ ಅಡ್ಡ ಬರಲೇಬೇಕು. ಬಂದಾಗ ತಿರುಗಿದನಾ, ಇಲ್ಲವಾ?

ಸ್ಕಾಟ್ ಪರಾಜಿನ್ಸ್ಕಿ ಎಂಬ ಅಮೆರಿಕದ ಗಗನಯಾತ್ರಿ ಇದ್ದಾರೆ. ವೃತ್ತಿಯಲ್ಲಿ ವೈದ್ಯ. 2007ರಲ್ಲಿ ಬಾಹ್ಯಾಕಾಶ ನಿಲ್ದಾಣದ ಹರಿದ ಸೌರ ಫಲಕವನ್ನು ನಡಿಗೆ ಮಾಡಿ ಹೊಲಿದು ಸರಿಪಡಿಸಿದವರು. 2008ರಲ್ಲಿ ಎವರೆಸ್ಟ್ ಹತ್ತಲು ಹೋದರು. ತುದಿ ಮುಟ್ಟುವ ಮೊದಲೇ ಬೆನ್ನು ಕೈಕೊಟ್ಟಿತು. ಇಳಿದುಬಿಟ್ಟರು. ಮರುವರ್ಷ ಮತ್ತೆ ಹೋಗಿ ಹತ್ತಿದರು. ಬಾಹ್ಯಾಕಾಶ ಮತ್ತು ಎವರೆಸ್ಟ್ ಎರಡನ್ನೂ ಕಂಡ ಮೊದಲ ಮನುಷ್ಯ ಅವರು. 2008ರಲ್ಲಿ ಹಠ ಹಿಡಿದಿದ್ದರೆ ಈ ಸಾಲು ಬರೆಯಲು ಆಗುತ್ತಿರಲಿಲ್ಲವೇನೋ.

ನಮ್ಮ ಇಸ್ರೋದ್ದೂ ಇದೇ ಪದ್ಧತಿ. 2019ರ ಜುಲೈ 15ರಂದು ಚಂದ್ರಯಾನ-2 ಹಾರಲು 56 ನಿಮಿಷ ಇರುವಾಗ ದೋಷ ಕಂಡು ನಿಲ್ಲಿಸಿದರು. ದೇಶವೆಲ್ಲ ನಿದ್ದೆಗೆಟ್ಟು ಟೀವಿ ಮುಂದೆ ಕೂತಿತ್ತು. ಆದರೂ ನಿಲ್ಲಿಸಿದರು, ಒಂದು ವಾರದ ನಂತರ ಹಾರಿಸಿದರು. ಆ ಲ್ಯಾಂಡರ್ ಇಳಿಯುವಾಗ ಕೆಟ್ಟಿತು, ನಿಜ. ಚಂದ್ರಯಾನ-3ಕ್ಕೆ ಏನು ಮಾಡಿದರು ಗೊತ್ತೇ? ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರಿನ ಚೌಕದಿಂದ 4 ಕಿ.ಮೀ.ಗೆ 2.4 ಕಿ.ಮೀ. ಹರವಿಗೆ ಹಿಗ್ಗಿಸಿದರು. ಇಂಧನ ಜಾಸ್ತಿ ತುಂಬಿದರು. ಕಾಲುಗಳನ್ನು ಗಟ್ಟಿ ಮಾಡಿದರು. 2023ರ ಆಗಸ್ಟ್ 23ರಂದು ಸರಿ ಅನ್ನಿಸದಿದ್ದರೆ 27ಕ್ಕೆ ಮುಂದೂಡಲು ಸಿದ್ಧರಾಗಿದ್ದರು. ಹಾಗೆ ಕೈಯಲ್ಲಿ ಉಳಿಕೆ ಇಟ್ಟುಕೊಂಡು ಹೋದದ್ದಕ್ಕೇ ಇಳಿಯಿತು. ಬೆಟ್ಟದಲ್ಲಿ ಇದರ ಅರ್ಥ ಒಂದು ಲೀಟರ್ ಜಾಸ್ತಿ ನೀರು, ಇನ್ನೊಂದು ಟಾರ್ಚ್, ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲೇ ಇಳಿಯುವ ತೀರ್ಮಾನ. 2025ರಲ್ಲಿ ಶುಭಾಂಶು ಶುಕ್ಲಾ ಅವರ ಪ್ರಯಾಣ ಮತ್ತೆ ಮತ್ತೆ ಮುಂದೂಡಿದ್ದು ನಿಮ್ಮ ಮಗನಿಗೆ ನೆನಪಿರಬೇಕು. ರಾಕೆಟ್ಟಿನಲ್ಲಿ ಆಮ್ಲಜನಕ ಸೋರಿಕೆ ಕಂಡಿತ್ತು. ಕೊನೆಗೆ ಜೂನ್ 25ಕ್ಕೆ ಹೋದರು, ಜುಲೈ 15ಕ್ಕೆ ಕ್ಷೇಮವಾಗಿ ಬಂದರು.

ಗಗನಯಾತ್ರಿ ಆಗುವ ಆಸೆಯ ಬಗ್ಗೆ ನಿಜ ಹೇಳಬೇಕು. ಗಗನಯಾನಕ್ಕೆ ಆರಿಸಿದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಮುಂದೆ ಬೇರೆಯವರಿಗೂ ಬಾಗಿಲು ತೆರೆಯಬಹುದು. ಆದರೂ 140 ಕೋಟಿ ಜನರಲ್ಲಿ ಬೆರಳೆಣಿಕೆಯ ಸೀಟು. ಅದೊಂದೇ ಗುರಿ ಎಂದು ಕೂತರೆ ಹುಡುಗ ಬೇಸರ ಪಡುತ್ತಾನೆ. ಹೋಗುವವನು ಒಬ್ಬನಾದರೆ ಅವನಿಗೆ ಕಿವಿ ಕೊಟ್ಟು ಕೂತವರು, ಯಂತ್ರ ಮಾಡಿದವರು ಸಾವಿರ ಜನ. ಆ ಸಾವಿರದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಗೆ ಬೇಕಾದಷ್ಟು ಜಾಗ ಇದೆ.

ಅದನ್ನು ಕಣ್ಣಾರೆ ತೋರಿಸಬೇಕೆಂದರೆ ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಕಳಿಸಿ. ಪುಣೆಯಿಂದ ಸುಮಾರು 80 ಕಿ.ಮೀ. ದ್ರಾಕ್ಷಿ ತೋಟ, ಟೊಮೆಟೊ ಹೊಲದ ನಡುವೆ ಜಿಎಂಆರ್‌ಟಿ ಇದೆ, ರೇಡಿಯೊ ದೂರದರ್ಶಕ. 45 ಮೀಟರ್ ಅಗಲದ 30 ಬೋಗುಣಿಗಳು, 25 ಕಿ.ಮೀ. ಹರವಿನಲ್ಲಿ. ರೇಡಿಯೊ ಖಗೋಳವಿಜ್ಞಾನಿ ಗೋವಿಂದ್ ಸ್ವರೂಪ್ ಅವರ ಕನಸು ಅದು. ಅಷ್ಟು ದೊಡ್ಡ ಬೋಗುಣಿಯನ್ನು ಲೋಹದ ತಗಡಿನಲ್ಲಿ ಮಾಡಿದ್ದರೆ ತೂಕ, ಖರ್ಚು ಎರಡೂ ಆಕಾಶ ಮುಟ್ಟುತ್ತಿತ್ತು, ಗಾಳಿಯೂ ತಳ್ಳುತ್ತಿತ್ತು. ಅವರು ಸ್ಟೀಲ್ ಹಗ್ಗಗಳನ್ನು ಎಳೆದು ಕಟ್ಟಿ, ಅದರ ಮೇಲೆ ಸಣ್ಣ ತಂತಿ ಬಲೆ ಹೊದಿಸಿದರು. ಅವರು ಹಿಡಿಯುವ ರೇಡಿಯೊ ಅಲೆ ಒಂದು ಗೇಣಿನಿಂದ ಹಿಡಿದು ಮನುಷ್ಯನೆತ್ತರದ ತನಕ ಉದ್ದ. ಅಂಥ ಅಲೆಗೆ ಒಂದೆರಡು ಸೆಂಟಿಮೀಟರಿನ ಕಿಂಡಿ ಲೆಕ್ಕಕ್ಕೇ ಇಲ್ಲ, ಬಲೆಯೂ ಗಟ್ಟಿ ಕನ್ನಡಿಯೇ. ಗಾಳಿ ಮಾತ್ರ ತೂರಿ ಹೋಗುತ್ತದೆ. ಹತ್ತಿರ ನಿಂತು ನೋಡಿದರೆ ಬೋಗುಣಿಯ ಆಚೆಗಿನ ಮೋಡ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಮೆಕ್ಯಾನಿಕಲ್ ಪಾಠ ನನಗೆ ಗೊತ್ತಿಲ್ಲ. ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಸಾರ್ವಜನಿಕರಿಗೆ ತೆರೆಯುತ್ತಾರೆ. ಹಾಗೇ ಜುನ್ನರ್‌ನ ಶಿವನೇರಿಯನ್ನೂ ಹತ್ತಿ ಬರಲಿ, ಪಕ್ಕದಲ್ಲೇ ಇದೆ.

ಪುಣೆಯ ಅಯುಕಾ ಎಂಬ ಖಗೋಳವಿಜ್ಞಾನ ಸಂಸ್ಥೆ ಇನ್ನೊಂದು. ಜಯಂತ ನಾರಳೀಕರ್ ಕಟ್ಟಿದ್ದು. ಸೂರ್ಯನನ್ನು ನೋಡಲು 2023ರಲ್ಲಿ ಹೋದ ಆದಿತ್ಯ-ಎಲ್1ರ ಒಂದು ದೂರದರ್ಶಕ ಇಲ್ಲೇ ತಯಾರಾದದ್ದು. ಅದು ಈಗ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿದೆ. ಮಾಡಿದವರು ಸಂಜೆ ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. ಇಸ್ರೋ ಮೆಕ್ಯಾನಿಕಲ್ ಪದವೀಧರರನ್ನು ನೇರವಾಗಿಯೇ ನೇಮಕ ಮಾಡಿಕೊಳ್ಳುತ್ತದೆ, ಆದರೆ ಅಂಕ ಚೆನ್ನಾಗಿರಬೇಕು. ಹಾಗಾಗಿ ಪರೀಕ್ಷೆಯ ತಿಂಗಳಲ್ಲಿ ಗಡ ಬಂದ್. ಇದನ್ನು ನಾನು ಹೇಳಿದೆ ಎಂದೇ ಹೇಳಿ.

ನಿಮ್ಮವರಿಗೆ ಒಂದು ಮಾತು. ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದನ್ನು ಬೆಂಗಳೂರಿನ ಪೀಣ್ಯದಲ್ಲಿ ಶೀಟು ಹೊದಿಸಿದ ಶೆಡ್‌ಗಳಲ್ಲಿ ಕಟ್ಟಿದರು. ಕಟ್ಟಿಸಿದ ಯು. ಆರ್. ರಾವ್ ಉಡುಪಿ ಬಳಿಯ ಅದಮಾರಿನವರು. ನಿಮ್ಮ ಕಾರ್ಕಳದಿಂದ ಎಷ್ಟು ದೂರ?

ವಾಸ್ಕೋಗೆ ಹೋದಾಗ ತೋರಿಸಲು ಇರುವುದನ್ನು ನೀವು ಊಹಿಸಿರಲಾರಿರಿ. ನಮ್ಮ ಅಂಟಾರ್ಕ್ಟಿಕಾದ ಕೆಲಸವೆಲ್ಲ ನಡೆಯುವುದು ವಾಸ್ಕೋದಿಂದಲೇ. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅಲ್ಲಿನ ಹೆಡ್‌ಲ್ಯಾಂಡ್ ಸಡಾದಲ್ಲಿದೆ. 1981ರ ಡಿಸೆಂಬರ್‌ನಲ್ಲಿ ಖಾಸಿಂ ಅವರ ನೇತೃತ್ವದ ಮೊದಲ ತಂಡ ಗೋವಾದಿಂದಲೇ ಹಡಗು ಹತ್ತಿತು, 1982ರ ಜನವರಿಯಲ್ಲಿ ಹಿಮದ ಮೇಲೆ ಕಾಲಿಟ್ಟಿತು. ಈಗ ಅಲ್ಲಿ ಮೈತ್ರಿ, ಭಾರತಿ ಎಂಬ ಎರಡು ನೆಲೆಗಳು. ಚಳಿಗಾಲ ಪೂರ್ತಿ ಅಲ್ಲಿ ಉಳಿಯುವವರಿಗೆ ತಿಂಗಳುಗಟ್ಟಲೆ ಹೊರಗಿನಿಂದ ಯಾರೂ ಬರುವುದಿಲ್ಲ. ಅಂಥ ಕಡೆ ಜನರೇಟರ್, ಹೀಟರ್, ಗಾಡಿ ನೋಡಿಕೊಳ್ಳಲು ಮೆಕ್ಯಾನಿಕಲ್ ಕೈಗಳು ಬೇಕೇಬೇಕು. ನಿಮ್ಮ ಮಗನ ತಲೆಗೆ ಇದನ್ನು ಹಾಕಿಡಿ. ಗಗನಯಾತ್ರಿಯ ಸೀಟಿಗಿಂತ ಇದು ಕೈಗೆ ಹತ್ತಿರ.

ಮತ್ತೊಂದು, ತಾರಿಣಿ. ಗೋವಾದಲ್ಲೇ ಕಟ್ಟಿದ ಹಾಯಿದೋಣಿ. 2024ರ ಅಕ್ಟೋಬರ್ 2ರಂದು ನೌಕಾಪಡೆಯ ದಿಲ್ನಾ ಮತ್ತು ರೂಪಾ, ಇಬ್ಬರೇ, ಅದರಲ್ಲಿ ಗೋವಾದಿಂದ ಹೊರಟು ಭೂಮಿ ಸುತ್ತಿ 2025ರ ಮೇ ಕೊನೆಗೆ ಮರಳಿದರು. ದಾರಿಯಲ್ಲಿ ಪಾಯಿಂಟ್ ನೀಮೋ ಎಂಬ ಜಾಗ ದಾಟಿದರು, ದಕ್ಷಿಣ ಪೆಸಿಫಿಕ್ ಸಾಗರದಲ್ಲಿ. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ನೆಲ ಸಿಗಲು ಸುಮಾರು 2,700 ಕಿ.ಮೀ. ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾಯುವಾಗ 400 ಕಿ.ಮೀ. ಎತ್ತರದಲ್ಲಿರುತ್ತದೆ. ಅಂದರೆ ಆ ಹೊತ್ತಿಗೆ ಅವರಿಬ್ಬರ ಅತಿ ಹತ್ತಿರದ ನೆರೆಮನೆಯವರು ಗಗನಯಾತ್ರಿಗಳು! ಕೆಲಸ ಮುಗಿದ ಬಾಹ್ಯಾಕಾಶ ನೌಕೆಗಳನ್ನು ಕೆಡವುವುದೂ ಆ ಕಡೆಯ ಸಮುದ್ರಕ್ಕೇ, ಏಕೆಂದರೆ ಅಲ್ಲಿ ಯಾರೂ ಇಲ್ಲ. ಬೆಟ್ಟ, ಸಮುದ್ರ, ಆಕಾಶ ಬೇರೆ ಬೇರೆ ಎಂದು ನಿಮ್ಮವರು ವಾದ ಮಾಡಿದರೆ ಭೂಪಟದಲ್ಲಿ ಆ ಜಾಗ ತೋರಿಸಿ.

ಹಣ ಖರ್ಚು ಮಾಡುವುದೇ ಆದರೆ ಟೆಲಿಸ್ಕೋಪ್‌ಗೆ ಮೊದಲು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸಿಗೆ ಕಳಿಸಿ. ಹಗ್ಗ ಕಟ್ಟುವುದು, ಹಿಮದಲ್ಲಿ ನಡೆಯುವುದು, ಒಬ್ಬನಿಗೆ ಪೆಟ್ಟಾದರೆ ಇಳಿಸುವುದು, ಎಲ್ಲ ಶಿಸ್ತಾಗಿ ಕಲಿಸುತ್ತಾರೆ. ಯೂಟ್ಯೂಬ್ ನೋಡಿ ಹಗ್ಗ ಕಟ್ಟುವ ಹುಡುಗರನ್ನು ಕಂಡರೆ ನನಗೆ ಕೈಕಾಲು ನಡುಗುತ್ತದೆ. ಆಮೇಲೆ ಒಳ್ಳೆಯ ಹಿಡಿತದ ಬೂಟು.

ಟೆಲಿಸ್ಕೋಪ್ ಈಗ ಬೇಡ. ಅಗ್ಗದ್ದು ಕೊಂಡರೆ ಸ್ಟ್ಯಾಂಡ್ ಅಲ್ಲಾಡುತ್ತದೆ, ಏನೂ ಕಾಣುವುದಿಲ್ಲ, ತಿಂಗಳಲ್ಲಿ ಅಟ್ಟ ಸೇರುತ್ತದೆ. ಒಳ್ಳೆಯದು ಡೊಂಬಿವಲಿಯ ಬಾಲ್ಕನಿಯ ಬೆಳಕಿನಲ್ಲಿ ವ್ಯರ್ಥ, ಗಡಕ್ಕೆ ಹೊತ್ತು ಒಯ್ಯಲೂ ಆಗುವುದಿಲ್ಲ. ಅದರ ಬದಲು ಒಂದು ದುರ್ಬೀನು ಕೊಡಿಸಿ. ಮೇಲೆ 10x50 ಎಂದು ಬರೆದಿರಲಿ, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 50 ಮಿಲಿಮೀಟರ್. ನವೆಂಬರ್‌ನಿಂದ ಫೆಬ್ರುವರಿಯ ಅಮಾವಾಸ್ಯೆಯ ಆಸುಪಾಸು ಗಡದ ಮೇಲೆ ಮಲಗಿ ನೋಡಲಿ. ಬಂಡೆಗೆ ಮೊಣಕೈ ಊರಿ ಹಿಡಿದರೆ ಗುರುಗ್ರಹದ ನಾಲ್ಕು ಚಂದ್ರರು ಚುಕ್ಕಿಗಳಾಗಿ ಕಾಣುತ್ತಾರೆ. ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿ ಮಬ್ಬು ಮೋಡದಂಥ ನೀಹಾರಿಕೆ ಕಾಣುತ್ತದೆ. ಹುಣ್ಣಿಮೆಗಿಂತ ಅಷ್ಟಮಿಯ ಚಂದ್ರನನ್ನು ನೋಡಲಿ, ಬೆಳಕು ಓರೆಯಾಗಿ ಬಿದ್ದು ಕುಳಿಗಳು ಎದ್ದು ಕಾಣುತ್ತವೆ. ಸೂರ್ಯನ ಕಡೆ ಅದನ್ನು ತಿರುಗಿಸಲೇಬಾರದು, ಕಣ್ಣು ಹೋಗುತ್ತದೆ. ಪಟ್ಟಿಯನ್ನು ಸದಾ ಕುತ್ತಿಗೆಗೆ ಹಾಕಿಕೊಂಡಿರಲಿ. ಕಡಾದಿಂದ ಕೆಳಗೆ ಬಿದ್ದರೆ ಹುಡುಕಲು ಇಳಿಯುವ ಹಾಗಿಲ್ಲ, ಹೊಸದು ಕೊಡಿಸುತ್ತೇನೆ ಎಂದು ಈಗಲೇ ಹೇಳಿಬಿಡಿ.